ಬಣ್ಣ ಆಮೇಲೆ, ಮೊದಲು ಕೆರೆ ನೋಡಿ

ಈ ಗಾಳ ಹಾಕುವವರ ಗುಂಪಿನಲ್ಲಿ ನೀವು ಹಾಕಿದ ಫೋಟೋ ನೋಡಿದೆ. 42 ಲೂರ್ (ಗಾಳ ಕಟ್ಟಿದ ಕೃತಕ ಆಮಿಷ) ಇರುವ ಪೆಟ್ಟಿಗೆ, ಅದರ ಹಿಂದೆ ಜೊಂಡು, ತಾವರೆ, ಅಂತರಗಂಗೆ ತುಂಬಿದ ಕೆರೆ, ಕೆಳಗೆ ಪ್ರಶ್ನೆ: ‘ಕೊರಮೀನಿಗೆ ಇದರಲ್ಲಿ ಯಾವ ಬಣ್ಣ ಒಳ್ಳೆಯದು?’ ಉತ್ತರ ಕೊಟ್ಟವರೆಲ್ಲ ಒಂದೊಂದು ಬಣ್ಣದ ಹೆಸರು ಬರೆದಿದ್ದಾರೆ. ಆ ಕೆರೆಯನ್ನು ಒಬ್ಬರೂ ನೋಡಿದಂತಿಲ್ಲ. ಒಂಬತ್ತು ವರ್ಷಗಳ ಹಿಂದೆ ಇಂಥದ್ದೇ ಪೆಟ್ಟಿಗೆ ಕೊಂಡು ಇದೇ ಪ್ರಶ್ನೆ ಕೇಳಿಕೊಂಡು ಅಲೆದವನು ನಾನು. ಆದ್ದರಿಂದ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಪೆಟ್ಟಿಗೆಯಲ್ಲಿ ಮೂವತ್ತಕ್ಕೂ ಹೆಚ್ಚು ಕ್ರ್ಯಾಂಕ್‌ಬೈಟ್‌ಗಳೇ ಇವೆ, ಅಂದರೆ ಎಳೆದಾಗ ತೂರಾಡುತ್ತ ನೀರಿಗಿಳಿಯುವ ಮೀನಿನಾಕಾರದ ಗಟ್ಟಿ ಲೂರ್‌ಗಳು. ಒಂದೊಂದಕ್ಕೂ ಎರಡು ಜಾಗದಲ್ಲಿ ಮೂರು ಮೊನೆಯ ಗಾಳ, ಅಂದರೆ ಒಂದು ಲೂರ್‌ಗೆ ಆರು ಮೊನೆ. ಆ ಜೊಂಡಿನಲ್ಲಿ ಇದನ್ನು ಎಸೆದರೆ ಮೂರು ಮಾರು ಕೂಡ ಬರುವುದಿಲ್ಲ. ನಾನು ನಮ್ಮೂರ ಕೆರೆಯಲ್ಲಿ ಒಂದೇ ಬೆಳಿಗ್ಗೆ ಏಳು ಕಳೆದುಕೊಂಡೆ. ಸಿಕ್ಕಿಕೊಂಡಾಗಲೆಲ್ಲ ಜೋರಾಗಿ ಜಗ್ಗಿ ತಂಗೂಸಿ ಕಿತ್ತುಕೊಂಡು ಮುಂದಿನದನ್ನು ಕಟ್ಟಿದೆ. ಹೋದದ್ದು ದುಡ್ಡು ಮಾತ್ರ ಎಂದುಕೊಂಡಿದ್ದೆ. ಆ ಬೇಸಿಗೆಯಲ್ಲಿ ಕೆರೆಯ ಗುತ್ತಿಗೆ ಹಿಡಿದವರು ಬಲೆ ಎಳೆದರು. ಎಳೆಯುತ್ತಿದ್ದ ಒಬ್ಬರ ಅಂಗೈಗೆ, ಹೆಬ್ಬೆರಳಿನ ಬುಡದ ಮಾಂಸಕ್ಕೆ, ಹಸಿರು ಬೆನ್ನು ಕಿತ್ತಳೆ ಹೊಟ್ಟೆಯ ಲೂರ್ ಒಂದು ಚುಚ್ಚಿಕೊಂಡು ನೇತಾಡುತ್ತಿತ್ತು. ತುಕ್ಕು ಹಿಡಿದ ಮೂರು ಮೊನೆಯಲ್ಲಿ ಎರಡು ಒಳಗೆ ಹೋಗಿದ್ದವು. ಹಿಮ್ಮುಳ್ಳು ಇರುವುದರಿಂದ ಹಿಂದಕ್ಕೆ ಎಳೆಯುವಂತಿಲ್ಲ, ಮುಂದಕ್ಕೆ ತಳ್ಳುವಂತಿಲ್ಲ. ಅದು ನನ್ನ ಲೂರ್ ಎಂದು ನೋಡಿದ ಕೂಡಲೇ ಗೊತ್ತಾಯಿತು. ಬೈಕಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದವನೂ ನಾನೇ. ಅವರು ಹದಿನೈದು ದಿನ ಕೆಲಸ ಬಿಟ್ಟು ಕೂತರು. ಅಂದಿನಿಂದ ನನ್ನ ಯಾವ ಗಾಳದಲ್ಲೂ ಹಿಮ್ಮುಳ್ಳು ಇಲ್ಲ, ಇಕ್ಕಳದಿಂದ ಒತ್ತಿ ಮಲಗಿಸಿಬಿಡುತ್ತೇನೆ. ದಾರ ಸಡಿಲ ಬಿಡದಿದ್ದರೆ ಮೀನು ತಪ್ಪುವುದಿಲ್ಲ. ತಪ್ಪಿದರೆ ತಪ್ಪಲಿ.

ಈಗ ಆಯ್ಕೆಯ ವಿಷಯ. ಕೆರೆಗೆ ಹೋಗಿ ಹತ್ತು ನಿಮಿಷ ಏರಿಯ ಮೇಲೆ ಸುಮ್ಮನೆ ನಿಲ್ಲಿ. ನೀರಿನ ಮೇಲೆ ಏನಿದೆ, ನೀರು ಎಷ್ಟು ಆಳ, ಎಷ್ಟು ತಿಳಿ, ಈ ಮೂರನ್ನು ನೋಡಿದ ಮೇಲೆ ಪೆಟ್ಟಿಗೆ ತೆರೆಯಿರಿ. ಲೂರ್‌ನ ಮೂತಿಯಲ್ಲಿರುವ ಪ್ಲಾಸ್ಟಿಕ್ ನಾಲಿಗೆ ಅಲಂಕಾರಕ್ಕಲ್ಲ. ನಾಲಿಗೆ ಉದ್ದವಾಗಿ ಮುಂದಕ್ಕೆ ಚಾಚಿದ್ದರೆ ಲೂರ್ ಆಳಕ್ಕೆ ಧುಮುಕುತ್ತದೆ. ಗಿಡ್ಡಗಿದ್ದು ಕೆಳಕ್ಕೆ ಬಾಗಿದ್ದರೆ ಮೇಲ್ಮಟ್ಟದಲ್ಲೇ ಓಡುತ್ತದೆ. ಎರಡು ಅಡಿ ನೀರಿರುವ ಅಂಚಿನಲ್ಲಿ ಎಂಟು ಅಡಿ ಇಳಿಯುವ ಲೂರ್ ಎಳೆದರೆ ಅದು ಹೂಳನ್ನು ಉಳುತ್ತದೆ ಅಷ್ಟೇ. ತೇಲುವುದೋ, ಮುಳುಗುವುದೋ, ನೀರಿನ ನಡುವೆ ನಿಲ್ಲುವುದೋ ಎಂಬುದು ಡಬ್ಬಿಯ ಮೇಲೆ ಬರೆದಿರುತ್ತದೆ, ಓದಿ. ಇಂಥ ಅಗ್ಗದ ಪೆಟ್ಟಿಗೆಗಳಲ್ಲಿ ಅದೂ ಬರೆದಿರುವುದಿಲ್ಲ. ಬಕೆಟ್ ನೀರಿಗೆ ಹಾಕಿ ನೀವೇ ನೋಡಿಕೊಳ್ಳಬೇಕು.

ಲೂರ್ ಮಾಡುವ ರಾಪಾಲಾ ಕಂಪನಿಯ ಹೆಸರು ಎಲ್ಲರೂ ಹೇಳುತ್ತೀರಿ, ಅದು ಹುಟ್ಟಿದ ಕಥೆಯನ್ನೂ ನೆನಪಿಟ್ಟುಕೊಳ್ಳಿ. ಫಿನ್‌ಲೆಂಡಿನ ಲೌರಿ ರಾಪಾಲಾ ಮೀನು ಹಿಡಿದೇ ಹೊಟ್ಟೆ ಹೊರೆಯುತ್ತಿದ್ದವರು. ದೊಡ್ಡ ಮೀನು ಸಣ್ಣ ಮೀನುಗಳ ಹಿಂಡಿಗೆ ನುಗ್ಗಿದಾಗ ಗುಂಪಿನ ಉಳಿದವನ್ನು ಬಿಟ್ಟು ತೂರಾಡುತ್ತ ಈಜುವ ಗಾಯಾಳುವನ್ನೇ ಹಿಡಿಯುತ್ತದೆ ಎಂಬುದನ್ನು ಗಮನಿಸಿದರು. 1936ರಲ್ಲಿ ಬೆಂಡು ಕೆತ್ತಿ, ಚಾಕೊಲೇಟ್ ಸುತ್ತುವ ತವರದ ಹಾಳೆ ಅಂಟಿಸಿ, ಹಳೆಯ ಫೋಟೋ ನೆಗೆಟಿವ್ ಕರಗಿಸಿ ಲೇಪ ಹಚ್ಚಿ ಮೊದಲ ಲೂರ್ ಮಾಡಿದರು. ಸಿಕ್ಕ ಹಾಳೆಯನ್ನೇ ಅಂಟಿಸಿದ ಮನುಷ್ಯ ಕಷ್ಟಪಟ್ಟದ್ದು ಆ ತೂರಾಟವನ್ನು ಬೆಂಡಿನಲ್ಲಿ ತರುವುದಕ್ಕೆ. ನಡಿಗೆ ಸರಿಯಿಲ್ಲದ ಲೂರ್‌ಗೆ ಯಾವ ಬಣ್ಣ ಬಳಿದರೂ ಪ್ರಯೋಜನವಿಲ್ಲ.

ನಿಮ್ಮ ಕೆರೆಗೆ ಬೇಕಾದದ್ದು ಒಂದೇ, ಟೊಳ್ಳು ಹೊಟ್ಟೆಯ ರಬ್ಬರ್ ಕಪ್ಪೆ. ಅದರ ಎರಡು ಮೊನೆಗಳು ಬೆನ್ನಿಗೆ ಅಂಟಿಕೊಂಡು ಮೇಲ್ಮುಖವಾಗಿರುತ್ತವೆ. ತಾವರೆ ಎಲೆಯ ಮೇಲೆ ಎಳೆದರೂ ಜಾರಿಕೊಂಡು ಬರುತ್ತದೆ. ಮೀನು ಕಚ್ಚಿದಾಗ ಹೊಟ್ಟೆ ಅಮುಕಿ ಮೊನೆ ಹೊರಬರುತ್ತದೆ. ಎಲ್ಲವೂ ಆ ಅಮುಕುವಿಕೆಯ ಮೇಲೆ ನಿಂತಿದೆ. ಅಂಗಡಿಯಲ್ಲೇ ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಒತ್ತಿ ನೋಡಿ. ನಿಂಬೆಹಣ್ಣು ಹಿಂಡುವಷ್ಟು ಬಲ ಬೇಕಾದರೆ ಅಲ್ಲೇ ಇಟ್ಟು ಬನ್ನಿ. ಕೊಂಡಾಗಿದ್ದರೆ ಬಿಸಿನೀರಿನಲ್ಲಿ ಎರಡು ನಿಮಿಷ ಬಿಡಿ, ರಬ್ಬರ್ ಸ್ವಲ್ಪ ಮೆದುವಾಗುತ್ತದೆ. ಆಮೇಲೆ ಇಕ್ಕಳದಿಂದ ಎರಡೂ ಮೊನೆಗಳನ್ನು ಒಂದು ಕೂದಲಿನಷ್ಟು ಮೇಲಕ್ಕೆ ಎತ್ತಿ. ಹೆಚ್ಚು ಎತ್ತಿದರೆ ಎಲೆಗೆ ಸಿಕ್ಕಿಕೊಳ್ಳುತ್ತದೆ, ಎತ್ತದಿದ್ದರೆ ಮೀನಿನ ಅಂಗುಳಿಗೆ ತಗಲುವುದೇ ಇಲ್ಲ. ಹಿಂದಿನ ರಬ್ಬರ್ ಎಳೆಗಳ ಕಾಲುಗಳಲ್ಲಿ ಒಂದನ್ನು ಅರ್ಧ ಅಂಗುಲ ಗಿಡ್ಡ ಕತ್ತರಿಸಿ. ಆಗ ಕಪ್ಪೆ ನೇರ ಬರದೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗುತ್ತದೆ. ಗಾಳದ ಕಡ್ಡಿ ಹೊರಬರುವ ರಂಧ್ರದಿಂದ ನೀರು ಒಳಗೆ ಹೋಗುತ್ತದೆ, ನಾಲ್ಕೈದು ಎಸೆತಕ್ಕೊಮ್ಮೆ ಹಿಂಡಿ ತೆಗೆಯಿರಿ.

ಸ್ಪ್ರೋ ಕಂಪನಿಯ ಬ್ರಾಂಜ್‌ಐ ಕಪ್ಪೆಯಲ್ಲಿ ಗಮಕಾಟ್ಸು ಕಂಪನಿಯ ಗಾಳ ಬರುತ್ತದೆ. ಬೆಲೆ ಹೆಚ್ಚು, ಆದರೆ ನನ್ನದು ನಾಲ್ಕು ವರ್ಷ ಬಾಳಿದೆ. ಅದೇ ದುಡ್ಡಿಗೆ ಹೆಸರಿಲ್ಲದ ಕಪ್ಪೆ ಆರು ಬರುತ್ತವೆ, ಆರರಲ್ಲಿ ಎರಡರ ಗಾಳವನ್ನು ದೊಡ್ಡ ಮೀನು ನೇರ ಮಾಡಿಬಿಡುತ್ತದೆ. 42 ಲೂರ್ ಕೊಳ್ಳುವ ಬದಲು ಎರಡು ಒಳ್ಳೆಯ ಕಪ್ಪೆ ಕೊಳ್ಳಿ ಎಂದು ಈ ಗುಂಪಿನಲ್ಲಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ.

ಇನ್ನು ಕಾಯುವುದು. ಇದರಲ್ಲೇ ಹೆಚ್ಚಿನವರು ಮೀನು ಕಳೆದುಕೊಳ್ಳುವುದು. ಕೊರಮೀನು ಗಾಳಿ ಉಸಿರಾಡುವ ಮೀನು, ಆಗಾಗ ಮೇಲೆ ಬಂದು ಗುಳುಕ್ ಎಂದು ಒಂದು ಬಾಯಿ ಗಾಳಿ ತೆಗೆದುಕೊಂಡು ಇಳಿಯುತ್ತದೆ. ಆ ಸದ್ದು ಕೇಳಿದ ಜಾಗಕ್ಕೇ ಎಸೆಯಬೇಡಿ, ಹೆದರಿ ಓಡುತ್ತದೆ. ನಾಲ್ಕಡಿ ಆಚೆ ಎಸೆದು ಎಲೆಯ ಮೇಲೆ ಎಳೆದು ತನ್ನಿ, ಎಲೆಗಳ ನಡುವೆ ತೆರಪು ಸಿಕ್ಕಲ್ಲಿ ನಿಲ್ಲಿಸಿ. ಅಲೆ ಅಡಗುವವರೆಗೆ ಅಲ್ಲಾಡಿಸಬೇಡಿ. ಆಮೇಲೆ ರಾಡಿನ ತುದಿಯನ್ನು ಒಂದು ಚೂರು ಮಿಡಿಯಿರಿ. ನೀರು ಒಡೆದು ಕಪ್ಪೆ ಮಾಯವಾದ ಕ್ಷಣದಲ್ಲಿ ಕೈ ತಾನಾಗಿ ಮೇಲೇಳುತ್ತದೆ. ಏಳಗೊಡಬೇಡಿ. ಆಗ ಜಗ್ಗಿದರೆ ತೆರೆದ ಬಾಯಿಯಿಂದ ಕಪ್ಪೆಯನ್ನು ನೀವೇ ಕಿತ್ತುಕೊಂಡಂತೆ. ಮೊದಲ ವರ್ಷ ನಾನು ಮಾಡಿದ್ದು ಅದನ್ನೇ, ಹೊಡೆದ ಮೀನುಗಳಲ್ಲಿ ಹತ್ತಕ್ಕೆ ಒಂದೂ ದಡ ಸೇರಲಿಲ್ಲ. ರಾಡನ್ನು ನೀರಿನತ್ತ ಬಗ್ಗಿಸಿ, ಸಡಿಲ ದಾರವನ್ನು ರೀಲಿಗೆ ಸುತ್ತಿಕೊಳ್ಳಿ, ಮೀನಿನ ಭಾರ ಕೈಗೆ ಬಂದ ಮೇಲೆ ಮೇಲ್ಮುಖವಾಗಿ ಜೋರಾಗಿ ಎತ್ತಿ. ಅದರ ಬಾಯಿ ಗಟ್ಟಿ, ಮೆಲ್ಲಗೆ ಎತ್ತಿದರೆ ಮೊನೆ ಇಳಿಯುವುದಿಲ್ಲ. ಇದಕ್ಕೆ ತಂಗೂಸಿ ಬೇಡ, ರಬ್ಬರಿನಂತೆ ಹಿಗ್ಗುತ್ತದೆ. 40 ಪೌಂಡ್ ಎಳೆತ ತಡೆಯುವ ಬ್ರೇಡ್ (ಹೆಣೆದ ದಾರ) ಇರಲಿ, ರಾಡ್ ಗಡುಸಾಗಿರಲಿ. ನಿಮ್ಮ ಫೋಟೋದಲ್ಲಿರುವ ತೆಳ್ಳನೆಯ ರಾಡಿನಿಂದ ಜೊಂಡಿನೊಳಗೆ ನುಗ್ಗಿದ ಮೀನನ್ನು ತಿರುಗಿಸಲಾಗದು.

ತೂಬಿನ ಹತ್ತಿರ ಬಯಲು ನೀರಿದ್ದರೆ ಸ್ಪಿನ್ನರ್ (ತಿರುಗುವ ತಗಡಿನ ಲೂರ್), ಚಮಚದಾಕಾರದ ಲೋಹದ ಲೂರ್, ಮೆದು ಪ್ಲಾಸ್ಟಿಕ್ ಮೀನು ಇವೆಲ್ಲ ನಡೆಯುತ್ತವೆ. ಮೆಪ್ಸ್ ಕಂಪನಿಯ ಸ್ಪಿನ್ನರ್‌ನ ಮೂರನೇ ನಂಬರ್ ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ, ತಗಡು ತಿರುಗುವ ಅದುರು ಕೆಂಪು ನೀರಿನಲ್ಲೂ ಮೀನಿಗೆ ತಿಳಿಯುತ್ತದೆ. ಆದರೆ ದಾರ ತಿರುಚಿಕೊಳ್ಳುತ್ತದೆ, ಸ್ವಿವೆಲ್ (ತಿರುಗುವ ಕೊಂಡಿ) ಹಾಕಿ. ನಿಮ್ಮ ಕ್ರ್ಯಾಂಕ್‌ಬೈಟ್‌ಗಳನ್ನೂ ಅಲ್ಲಿಯೇ ಬಳಸಬಹುದು, ಮೂರು ಮೊನೆಯವನ್ನು ತೆಗೆದು ಒಂಟಿ ಗಾಳ ಹಾಕಿ.

ಬಣ್ಣ ಕೇಳಿದಿರಲ್ಲ, ಹೇಳುತ್ತೇನೆ. ಕಪ್ಪೆಯನ್ನು ಮೀನು ಕೆಳಗಿನಿಂದ, ಆಕಾಶಕ್ಕೆ ಎದುರಾಗಿ ನೋಡುತ್ತದೆ. ಅದಕ್ಕೆ ಕಾಣುವುದು ನೆರಳಿನ ಆಕಾರ. ಮುಂಜಾನೆ, ಮುಸ್ಸಂಜೆ, ಕದಡಿದ ನೀರು ಎಂದರೆ ಕಪ್ಪು. ತಿಳಿನೀರು, ಬಿಸಿಲು ಎಂದರೆ ಕಂದು ಇಲ್ಲವೇ ಹಸಿರು. ಬೆನ್ನಿನ ಮೇಲಿನ ಚುಕ್ಕೆ, ಗೆರೆಗಳು ಕೊಳ್ಳುವವರ ಕಣ್ಣಿಗೆ ಮಾತ್ರ. ಕೆಂಪಿಗೆ ದುಡ್ಡು ಸುರಿಯಬೇಡಿ, ತಿಳಿನೀರಿನಲ್ಲಿ ಆಳಕ್ಕೆ ಹೋದಂತೆ ಮೊದಲು ಮಾಸುವ ಬಣ್ಣವೇ ಅದು.

ಒಂದು ವಿಷಯಕ್ಕೆ ಮಾತ್ರ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಇದೇ ಚರ್ಚೆಯಲ್ಲಿ ಒಬ್ಬರು, ಕೆಂಪು ಮರಿಗಳ ಗುಂಪು ಕಂಡಲ್ಲಿ ಕಪ್ಪೆ ಎಸೆಯಿರಿ, ಖಂಡಿತ ಹೊಡೆಯುತ್ತದೆ ಎಂದು ಬರೆದಿದ್ದಾರೆ. ಹೊಡೆಯುವುದು ನಿಜ, ಹಸಿವಿನಿಂದಲ್ಲ, ಮರಿ ಕಾಯುವುದಕ್ಕೆ. ಅಪ್ಪ ಅಮ್ಮನನ್ನು ಎತ್ತಿದರೆ ಆ ಮರಿಗಳನ್ನು ಸುತ್ತಲಿನ ಮೀನುಗಳು ತಿಂದು ಮುಗಿಸುತ್ತವೆ. ನೂರಾರು ಮರಿಗಳನ್ನು ಕೊಟ್ಟು ಒಂದು ಮೀನು ತಂದಂತೆ. ಮಳೆಗಾಲದ ಹೊಸನೀರಿಗೆ ಮೊಟ್ಟೆ ಇಡಲು ಹತ್ತಿ ಬರುವ ಹತ್ತುಮೀನು ಕಡಿಯುವುದೂ ಇದೇ ಜಾತಿಯ ಕೆಲಸ, ಮೊಟ್ಟೆ ತುಂಬಿದ ಹೊಟ್ಟೆಯನ್ನು ಗುದ್ದಲಿಯಲ್ಲಿ ಹೊಡೆದು ಫೋಟೋ ಹಾಕುವುದನ್ನು ದಯವಿಟ್ಟು ನಿಲ್ಲಿಸಿ.

ಕರಾವಳಿಯವರೊಬ್ಬರು ಇದೇ ಪೆಟ್ಟಿಗೆ ಅಳಿವೆಗೆ ಆಗುತ್ತದೆಯೇ ಎಂದು ಕೇಳಿದ್ದಾರೆ. ನಮ್ಮ ಭಾವನ ಮನೆ ಗಂಗೊಳ್ಳಿ ಕಡೆ, ಅಲ್ಲಿ ಕುರುಡಿ (ಬಾರಮುಂಡಿ) ಮೀನು ಹಿಡಿಯಲು ಹೋಗಿ ಕಲಿತದ್ದು ಹೇಳುತ್ತೇನೆ. ಲೂರ್‌ನ ಮೈ ಆಗುತ್ತದೆ, ಗಾಳ ಮತ್ತು ಅದನ್ನು ಲೂರ್‌ಗೆ ಸೇರಿಸುವ ಬಳೆ ಆಗುವುದಿಲ್ಲ. ಉಪ್ಪುನೀರಿಗೆ ಒಂದೇ ವಾರದಲ್ಲಿ ತುಕ್ಕು. ದಪ್ಪ ಗಾಳ ಹಾಕಿದರೆ ತೇಲುವ ಲೂರ್ ಮುಳುಗತೊಡಗುತ್ತದೆ, ಮತ್ತೆ ಬಕೆಟ್ಟಿನಲ್ಲಿ ನೋಡಿ. ಕುರುಡಿಯ ಕಿವಿರಿನ ಮುಚ್ಚಳ ಬ್ಲೇಡಿನಂತೆ ಹರಿತ, ಬ್ರೇಡಿನ ತುದಿಗೆ ಎರಡು ಮೊಳ 40 ಪೌಂಡಿನ ದಪ್ಪ ಲೀಡರ್ (ಲೂರ್‌ಗೂ ಬ್ರೇಡಿಗೂ ನಡುವೆ ಕಟ್ಟುವ ಗಟ್ಟಿ ದಾರ) ಇರಲೇಬೇಕು. ಇಳಿತದಲ್ಲಿ ಸಣ್ಣ ಹಳ್ಳಗಳ ಬಾಯಿಗೆ ಎಸೆಯಿರಿ, ನೀರಿನೊಂದಿಗೆ ಸಿಗಡಿ, ಮರಿಮೀನು ಕೊಚ್ಚಿ ಬರುವಾಗ ಅದು ಅಲ್ಲೇ ಕಾದಿರುತ್ತದೆ. ಅದು ಗಂಡಾಗಿ ಬೆಳೆದು ಆಮೇಲೆ ಹೆಣ್ಣಾಗುವ ಮೀನು. ದೊಡ್ಡದು ಸಿಕ್ಕರೆ ಅದು ಹೆಣ್ಣು ಎಂದು ತಿಳಿದು ನೀರಿಗೆ ಬಿಟ್ಟರೆ ನನಗೆ ಸಂತೋಷ.

ಇನ್ನೊಂದು, ಆ ಕೆರೆಯ ಮೀನಿನ ಗುತ್ತಿಗೆ ಯಾರದ್ದು ಎಂದು ಪಂಚಾಯಿತಿಯಲ್ಲಿ ಕೇಳಿಕೊಂಡು, ಅವರ ಒಪ್ಪಿಗೆ ಪಡೆದು ಹೋಗಿ. ಲೂರ್ ಸಿಕ್ಕಿಕೊಂಡರೆ ದಾರ ಕಡಿಯದೆ ನೀರಿಗಿಳಿದು ಬಿಡಿಸಿ ತನ್ನಿ. ಇಳಿಯಲಾಗದ ಆಳಕ್ಕೆ, ಕೆಸರಿಗೆ ಮೊದಲೇ ಎಸೆಯಬೇಡಿ. ಕಪ್ಪೆ ತಂದ ಮೇಲೆ ಅದರ ಹೊಟ್ಟೆ ಒತ್ತಿ ಹಿಡಿದು, ಪಕ್ಕದಿಂದ ಒಂದು ಫೋಟೋ ತೆಗೆದು ಇಲ್ಲಿ ಹಾಕಿ. ಮೊನೆ ಎಷ್ಟು ಎತ್ತಬೇಕು ಎಂದು ನೋಡಿ ಹೇಳುತ್ತೇನೆ.