ರಸೀದಿ ಸರಿ ಇದೆ, ಆದರೂ ಮನಸ್ಸಿಗೆ ಕಸಿವಿಸಿ

ಹೆಸರು ಹಾಕಬೇಡಿ ಎಂದು ಬರೆದಿದ್ದೀರಿ, ಹಾಕುವುದಿಲ್ಲ. ಆದರೆ ವಿಷಯ ಎಲ್ಲ ಓದುಗರಿಗೂ ತಿಳಿಯಬೇಕು. ನಿಮ್ಮದು ಹಾರ್ಡ್‌ವೇರ್ ಅಂಗಡಿ. ನಿಮ್ಮ ಶಾಸಕರ ತಂದೆಯ ಹೆಸರಿನ ಪ್ರತಿಷ್ಠಾನದವರು ಬಂದು, ಬಡ ಮಕ್ಕಳಿಗೆ ಸ್ಕೂಲ್ ಬ್ಯಾಗ್ ಕೊಡ್ತೀವಿ, ಇದಕ್ಕೂ ಪಕ್ಷಕ್ಕೂ ಸಂಬಂಧ ಇಲ್ಲ ಎಂದರು. ನೀವು ₹11,000 ಕೊಟ್ಟಿರಿ. ತೆರಿಗೆ ವಿನಾಯಿತಿ ಸಿಗುವ 80ಜಿ ರಸೀದಿಯೂ ಬಂತು. ಜೂನ್‌ನಲ್ಲಿ ನಿಮ್ಮ ಅಣ್ಣನ ಮಗಳು ಹೊಸ ಬ್ಯಾಗ್ ಹಾಕಿಕೊಂಡು ಮನೆಗೆ ಬಂದಳು. ಅದರ ಮೇಲೆ ಶಾಸಕರ ನಗುಮುಖ, ಅಂಚಿಗೆ ಪಕ್ಷದ ಬಣ್ಣ. ‘ನಾನು ಕೊಟ್ಟಿದ್ದು ದಾನವೋ, ಚುನಾವಣೆ ಖರ್ಚೋ?’ ಎಂದು ಕೇಳಿದ್ದೀರಿ.

ಮಗುವಿಗೆ ಬ್ಯಾಗ್ ಸಿಕ್ಕಿತಲ್ಲ, ಅದು ಸಂತೋಷವೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ನಿಮ್ಮ ಪತ್ರದ ಕೊನೆಯ ಸಾಲು: ‘ಇಲ್ಲ ಅಂದಿದ್ರೆ ಲೈಸೆನ್ಸ್ ರಿನ್ಯೂವಲ್‌ಗೆ ಅಲೆದಾಡಿಸ್ತಾರೆ ಅಂತ ಭಯ ಇತ್ತು.’ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಅಂಗಡಿಯಲ್ಲಿ ಸಿಮೆಂಟ್ ಮಾರುವವರು ನೀವು. ಹಾಗಾಗಿ ಸಿಮೆಂಟಿನ ಕಥೆಯನ್ನೇ ಹೇಳುತ್ತೇನೆ. 1980ರಲ್ಲಿ ಎ.ಆರ್. ಅಂತುಳೆ ಮಹಾರಾಷ್ಟ್ರದ ಮುಖ್ಯಮಂತ್ರಿ. ಆಗ ಸಿಮೆಂಟ್ ಬೇಕೆಂದರೆ ಈಗಿನ ಹಾಗೆ ಫೋನ್ ಮಾಡಿ ತರಿಸಿಕೊಳ್ಳುವಂತಿರಲಿಲ್ಲ. ಸರ್ಕಾರದ ಪರ್ಮಿಟ್ ಬೇಕಿತ್ತು. ಮುಂಬೈಯಲ್ಲಿ ಕಟ್ಟಡ ಅರ್ಧಕ್ಕೆ ನಿಂತರೆ ಬಿಲ್ಡರ್‌ನ ಬಡ್ಡಿ ಏರುತ್ತಾ ಹೋಗುತ್ತದೆ. ಅದೇ ಹೊತ್ತಿಗೆ ಅಂತುಳೆ ‘ಇಂದಿರಾ ಗಾಂಧಿ ಪ್ರತಿಭಾ ಪ್ರತಿಷ್ಠಾನ’ ಎಂಬ ಟ್ರಸ್ಟ್ ಮಾಡಿದರು. ಸಾಹಿತಿಗಳಿಗೆ, ಕಲಾವಿದರಿಗೆ ನೆರವು ಕೊಡುವುದು ಅದರ ಉದ್ದೇಶ. ಕಾಗದದಲ್ಲಿ ತಪ್ಪು ಹುಡುಕಲು ಏನೂ ಇರಲಿಲ್ಲ. ಬಿಲ್ಡರ್‌ಗಳು ದೇಣಿಗೆ ಕೊಟ್ಟರು, ಸಕ್ಕರೆ ಕಾರ್ಖಾನೆಗಳೂ ಕೊಟ್ಟವು. 1981ರಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್‌ನಲ್ಲಿ ಪತ್ರಕರ್ತ ಅರುಣ್ ಶೌರಿ ಇದನ್ನೆಲ್ಲ ಬಯಲಿಗೆ ತಂದರು. ದೇಣಿಗೆಗೂ ಸಿಮೆಂಟ್ ಹಂಚಿಕೆಗೂ ನಂಟಿದೆ ಎಂದು 1982ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್‌ನ ನ್ಯಾಯಮೂರ್ತಿ ಲೆಂಟಿನ್ ತೀರ್ಪು ಕೊಟ್ಟರು. ಅಂತುಳೆ ಕುರ್ಚಿ ಬಿಟ್ಟರು. ಆದರೆ ಕ್ರಿಮಿನಲ್ ಕೇಸು ವರ್ಷಗಟ್ಟಲೆ ಎಳೆಯಿತು, ಶಿಕ್ಷೆ ಆಗಲಿಲ್ಲ. ಮುಂದೆ ಅವರು ಕೇಂದ್ರ ಸಚಿವರೂ ಆದರು.

ಬಡ ಕವಿಯೊಬ್ಬನಿಗೆ ನೆರವಾಗಲಿ ಎಂದು ಆ ಬಿಲ್ಡರ್ ಚೆಕ್ ಬರೆದಿದ್ದನೇ? ಅವನಿಗೆ ಸಿಮೆಂಟ್ ಬೇಕಿತ್ತು. ನಿಮಗೆ ಲೈಸೆನ್ಸ್ ಬೇಕಿತ್ತು. ಅದಕ್ಕೇ ನಾನು ನಿಮ್ಮನ್ನು ಬೈಯುವುದಿಲ್ಲ. ಕೇಳಿದವರು ಅಧಿಕಾರದಲ್ಲಿದ್ದಾರೆ, ನೀವು ಅವರ ಕೈಕೆಳಗಿನ ಊರಲ್ಲಿ ವ್ಯಾಪಾರ ಮಾಡಬೇಕು.

ಇನ್ನೊಂದು ಮಾತು ಜನಕ್ಕೆ ಅಷ್ಟಾಗಿ ಗೊತ್ತಿಲ್ಲ. ಒಬ್ಬರಿಂದ ₹20,000ಕ್ಕಿಂತ ಜಾಸ್ತಿ ದೇಣಿಗೆ ಬಂದರೆ ಪಕ್ಷ ಅದನ್ನು ಚುನಾವಣಾ ಆಯೋಗಕ್ಕೆ ಹೆಸರು ಸಮೇತ ತಿಳಿಸಬೇಕು. ಆ ಪಟ್ಟಿಯನ್ನು ನಾನೂ ನೋಡಬಹುದು, ನೀವೂ ನೋಡಬಹುದು. ಟ್ರಸ್ಟ್ ಹಾಗಲ್ಲ. ಅದು ಲೆಕ್ಕ ಕೊಡುವುದು ತೆರಿಗೆ ಇಲಾಖೆಗೆ. ಯಾವ ಗುತ್ತಿಗೆದಾರ ಎಷ್ಟು ಕೊಟ್ಟ ಅನ್ನುವುದು ಮತದಾರನ ಕಣ್ಣಿಗೆ ಬೀಳುವುದೇ ಇಲ್ಲ. ಬ್ಯಾಗಿನ ಮೇಲಿನ ಫೋಟೋಗಿಂತ ನನ್ನನ್ನು ಜಾಸ್ತಿ ಕಾಡುವುದು ಇದು. ಅಧಿಕಾರದಲ್ಲಿರುವವರು ನಡೆಸುವ ಟ್ರಸ್ಟುಗಳು ದಾನಿಗಳ ಪಟ್ಟಿಯನ್ನು ಊರಿಗೆಲ್ಲ ಕಾಣುವಂತೆ ಹಾಕಬೇಕು. ನಮ್ಮ ಪತ್ರಿಕೆ ಇದನ್ನು ಕೇಳುತ್ತಲೇ ಇರುತ್ತದೆ.

ಮುಂದಿನ ವರ್ಷ ಅವರು ಮತ್ತೆ ಬರುತ್ತಾರೆ. ಅಷ್ಟರೊಳಗೆ ಅಣ್ಣನ ಮಗಳ ಶಾಲೆಗೆ ಒಮ್ಮೆ ಹೋಗಿ ಬನ್ನಿ. ಎಷ್ಟು ಮಕ್ಕಳಿಗೆ ಬ್ಯಾಗ್ ಬೇಕು ಎಂದು ಹೆಡ್‌ಮಾಸ್ಟರರನ್ನೂ ಶಾಲಾಭಿವೃದ್ಧಿ ಸಮಿತಿಯವರನ್ನೂ (ಎಸ್‌ಡಿಎಂಸಿ) ಕೇಳಿ, ಅದೇ ದುಡ್ಡಲ್ಲಿ ನೀವೇ ಕೊಡಿಸಿ. ಪ್ರತಿಷ್ಠಾನದವರು ಬಂದರೆ, ಈ ಸಲ ಶಾಲೆಗೇ ಕೊಟ್ಟೆ ಅನ್ನಿ. ಆಮೇಲೆ ಲೈಸೆನ್ಸಿಗೆ ಯಾರಾದರೂ ತೊಂದರೆ ಕೊಟ್ಟರೆ ಮತ್ತೆ ಬರೆಯಿರಿ, ತಾರೀಕು ಸಮೇತ.

— ಸಂಪಾದಕ