ಮಗು ತಿರುಗಿಲ್ಲ ಎಂಬ ಅಳುಕು: 35ನೇ ವಾರದ ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣದ ಮಹಿಳೆಯನ್ನು ಇಲ್ಲಿ ಸುಮಾ ಎಂದು ಕರೆಯುತ್ತೇನೆ. ಊರು, ವಯಸ್ಸು, ಮನೆಯವರ ಉದ್ಯೋಗ ಮೊದಲಾದ ಗುರುತುಗಳನ್ನು ಬದಲಿಸಲಾಗಿದೆ. ಬರೆಯುವುದಕ್ಕೆ ಅವರ ಒಪ್ಪಿಗೆಯಿದೆ. ಕೆಳಗೆ ಬರುವ ವೈದ್ಯಕೀಯ ಮಾಹಿತಿಯೆಲ್ಲವನ್ನೂ ಅವರ ಪ್ರಸೂತಿ ತಜ್ಞರೊಂದಿಗೆ ಮೊದಲೇ ಮಾತನಾಡಿಕೊಂಡು ತಿಳಿಸಿದ್ದೆ. ಯಾವ ಗರ್ಭಿಣಿಗೆ ಯಾವ ದಾರಿ ಸೂಕ್ತ ಎಂಬುದನ್ನು ಆಕೆಯನ್ನು ಪರೀಕ್ಷಿಸಿದ ವೈದ್ಯರೇ ಹೇಳಬೇಕು.

ಸುಮಾ ಅವರದು ಚೊಚ್ಚಲ ಬಸಿರು. ಸೀಮಂತ ಮುಗಿಸಿಕೊಂಡು ಮಲೆನಾಡಿನ ತವರಿಗೆ ಬಂದಿದ್ದರು. ಪತಿ ಕೆಲಸದ ನಿಮಿತ್ತ ಬೆಂಗಳೂರಿನಲ್ಲಿದ್ದರು. 35ನೇ ವಾರದ ಸ್ಕ್ಯಾನಿಂಗ್‌ನಲ್ಲಿ ಮಗುವಿನ ತಲೆ ಮೇಲೆಯೂ ಪೃಷ್ಠ ಕೆಳಗೂ ಇರುವುದು, ಅಂದರೆ ವೈದ್ಯರು ಬ್ರೀಚ್ ಎನ್ನುವ ಸ್ಥಿತಿ, ಕಂಡುಬಂದಿತ್ತು. ಮಗುವಿನ ಬೆಳವಣಿಗೆ, ಗರ್ಭದ ನೀರಿನ ಪ್ರಮಾಣ, ಮಾಸು ಇರುವ ಜಾಗ ಎಲ್ಲವೂ ಸರಿಯಾಗಿದ್ದವು. ಆದರೂ ಆ ದಿನದಿಂದ ಅವರು ಸರಿಯಾಗಿ ನಿದ್ದೆ ಮಾಡಿರಲಿಲ್ಲ, ಊಟ ಅರೆಬರೆಯಾಗಿತ್ತು, ಮುಂದೇನು ಮಾಡೋಣ ಎಂದು ವೈದ್ಯರು ಕೇಳಿದರೆ ಅಳು ಬಿಟ್ಟು ಬೇರೆ ಉತ್ತರವಿರಲಿಲ್ಲ. ಅದಕ್ಕಾಗಿಯೇ ಅವರನ್ನು ನನ್ನ ಬಳಿಗೆ ಕಳುಹಿಸಿದ್ದರು.

ಅವರು ಆಡಿದ ಮೊದಲ ಮಾತು ಹೆರಿಗೆಯ ಬಗ್ಗೆ ಆಗಿರಲಿಲ್ಲ. "ನಾನೇ ಏನೋ ಮಾಡ್ಕೊಂಡಿದೀನಿ ಮೇಡಂ. ಏಳರಲ್ಲಿ ಚಿಕ್ಕಪ್ಪನ ಮಗಳ ಮದುವೆಗೆ ಬಸ್ಸಲ್ಲಿ ಹೋಗಿದ್ದೆ. ಅತ್ತೆ ಬೇಡ ಅಂದಿದ್ರು," ಎಂದರು. ಸ್ಕ್ಯಾನಿಂಗ್ ವರದಿ ತಿಳಿದ ಮೇಲೆ ಅತ್ತೆ ದಿನವೂ ಫೋನ್ ಮಾಡಿ, ಭಾರ ಎತ್ತಿದೆಯಾ, ಹಗ್ಗ ದಾಟಿದೆಯಾ, ಯಾವ ಮಗ್ಗುಲಿಗೆ ಮಲಗುತ್ತೀಯ ಎಂದು ವಿಚಾರಿಸುತ್ತಿದ್ದರಂತೆ. ತಾಯಿಯಾದರೋ, ಊರಿನಲ್ಲಿ ಹೊಟ್ಟೆಗೆ ಎಣ್ಣೆ ಹಚ್ಚಿ ನೀವಿ ಮಗುವನ್ನು ತಿರುಗಿಸಬಲ್ಲ ಹಿರಿಯರೊಬ್ಬರಿದ್ದಾರೆ, ಒಮ್ಮೆ ತೋರಿಸೋಣ ಎಂದು ಒತ್ತಾಯಿಸುತ್ತಿದ್ದರು.

ವೈದ್ಯಕೀಯ ಆಯ್ಕೆಗಳ ವಿಚಾರವನ್ನು ಮೊದಲ ಭೇಟಿಯಲ್ಲಿ ನಾನು ಎತ್ತಲೇ ಇಲ್ಲ. ತಪ್ಪಿತಸ್ಥಳೆಂದು ತನ್ನನ್ನು ತಾನೇ ನಿಲ್ಲಿಸಿಕೊಂಡವಳಿಗೆ ಯಾವ ಆಯ್ಕೆಯನ್ನು ಮುಂದಿಟ್ಟರೂ ಅದು ಶಿಕ್ಷೆಯಂತೆಯೇ ಕೇಳಿಸುತ್ತದೆ ಎಂಬುದು ನನ್ನ ಅನುಭವ. ಹಾಗಾಗಿ ಆ ಹೊತ್ತನ್ನೆಲ್ಲ ಕಾರಣದ ಪ್ರಶ್ನೆಗೇ ಕೊಟ್ಟೆ. ಸುಮಾರು 28ನೇ ವಾರದಲ್ಲಿ ನಾಲ್ಕೈದು ಮಕ್ಕಳಲ್ಲಿ ಒಂದು ಹೀಗೆಯೇ ತಲೆ ಮೇಲಾಗಿ ಕುಳಿತಿರುತ್ತದೆ. ಬೆಳೆಯುತ್ತ ಬಂದಂತೆ ಹೆಚ್ಚಿನವು ತಾವಾಗಿಯೇ ತಿರುಗುತ್ತವೆ. ದಿನ ತುಂಬುವ ಹೊತ್ತಿಗೆ ನೂರರಲ್ಲಿ ಮೂರೋ ನಾಲ್ಕೋ ಮಾತ್ರ ಹಾಗೆಯೇ ಉಳಿಯುತ್ತವೆ. ಗರ್ಭಕೋಶದ ಆಕಾರ, ಗೆಡ್ಡೆ, ಮಾಸು ಕೆಳಗಿರುವುದು, ನೀರು ಹೆಚ್ಚು ಅಥವಾ ಕಡಿಮೆ ಇರುವುದು, ಅವಳಿ ಗರ್ಭ ಇವುಗಳಿಂದ ಹೀಗಾಗಬಹುದು. ಮಗು ಕಾಲುಗಳನ್ನು ನೆಟ್ಟಗೆ ಮೇಲಕ್ಕೆ ಚಾಚಿಕೊಂಡಿದ್ದರೆ ತಿರುಗುವುದು ಕಷ್ಟ. ಎಷ್ಟೋ ಸಲ ಯಾವ ಕಾರಣವೂ ಸಿಗುವುದಿಲ್ಲ. ಈ ಯಾವುದರಲ್ಲೂ ಬಸ್ಸಿನ ಪ್ರಯಾಣವಿಲ್ಲ, ಹಗ್ಗವಿಲ್ಲ, ಮಲಗುವ ಮಗ್ಗುಲಿಲ್ಲ. "ನೋಡಮ್ಮ, ನೀನು ಮದುವೆಗೆ ಹೋಗದೆ ಮನೆಯಲ್ಲೇ ಕೂತಿದ್ದರೂ ಮಗು ಹೀಗೇ ಇರಬಹುದಿತ್ತು," ಎಂದಾಗ ಅವರು ತಲೆಯೆತ್ತಿ, ಇದನ್ನು ನಮ್ಮತ್ತೆಗೂ ಹೇಳ್ತೀರಾ ಎಂದು ಕೇಳಿದರು.

ಮುಂದಿನ ಭೇಟಿಗೆ ಅತ್ತೆಯನ್ನೂ ಬರಹೇಳಿದೆ. ಅವರು ಬಂದರು, ಮತ್ತು ಇಡೀ ಪ್ರಕರಣದ ಗಂಟು ಅಲ್ಲಿಯೇ ಬಿಚ್ಚಿಕೊಂಡಿತು. ಸೊಸೆಯನ್ನು ಹೊರಗೆ ಕೂರಿಸಿ ಅವರೊಬ್ಬರೊಂದಿಗೇ ಮಾತನಾಡುವಾಗ, ತಮ್ಮ ಎರಡನೆಯ ಹೆರಿಗೆ ಮನೆಯಲ್ಲೇ ಆಯಿತೆಂದೂ, ಮಗು ಕಾಲು ಮುಂದಾಗಿ ಬಂದು ತಲೆ ಸಿಕ್ಕಿಕೊಂಡು ಉಳಿಯಲಿಲ್ಲವೆಂದೂ, ಆಗ ಹಿರಿಯರೆಲ್ಲ ತಮ್ಮನ್ನೇ ದೂರಿದರೆಂದೂ ಹೇಳಿದರು. ಸೊಸೆಗೆ ಈ ಸಂಗತಿ ಗೊತ್ತಿರಲಿಲ್ಲ. ಅವರ ದಿನನಿತ್ಯದ ಪ್ರಶ್ನೆಗಳು ಆಪಾದನೆಗಳಲ್ಲ, ಇಷ್ಟು ವರ್ಷ ಹೊತ್ತುಕೊಂಡ ಭಯ ಎಂಬುದು ನನಗೆ ಆಗ ತಿಳಿಯಿತು. ಅವರ ಭಯಕ್ಕೆ ಆಧಾರವಿಲ್ಲ ಎಂದು ನಾನು ಹೇಳಲಿಲ್ಲ, ಏಕೆಂದರೆ ಆಧಾರವಿದೆ. ಬ್ರೀಚ್ ಹೆರಿಗೆಯಲ್ಲಿ ದೇಹದ ದೊಡ್ಡ ಭಾಗವಾದ ತಲೆ ಕೊನೆಯಲ್ಲಿ ಹೊರಬರಬೇಕು. ಕಾಲು ಮುಂದಾಗಿದ್ದರೆ ನೀರು ಹೋದಾಗ ಹೊಕ್ಕುಳುಬಳ್ಳಿ ಜಾರಿ ಹೊರಬರುವ ಅಪಾಯವೂ ಹೆಚ್ಚು. ಆದರೆ ಆಗ ಅವರಿಗೆ ಮೊದಲೇ ತಿಳಿಯುವ ದಾರಿಯಿರಲಿಲ್ಲ, ಈಗ ನಮಗೆ ತಿಳಿದಿದೆ ಮತ್ತು ಯೋಚಿಸಲು ಎರಡು ವಾರಗಳ ಸಮಯವಿದೆ ಎಂದೆ. ಸೊಸೆಗೆ ಏನು ಹೇಳಬೇಕು, ಹೇಳಬೇಕೋ ಬೇಡವೋ ಎಂಬುದನ್ನು ಅವರಿಗೇ ಬಿಟ್ಟೆ. ಅವರು ಹೇಳಿದರು.

ಹೊಟ್ಟೆ ನೀವಿಸುವ ವಿಚಾರದಲ್ಲಿ ಮಾತ್ರ ನಾನು ಖಂಡಿತವಾಗಿ ಬೇಡವೆಂದೆ. ಸೂಲಗಿತ್ತಿಯರ ಕೈಯ ಅರಿವಿನ ಬಗ್ಗೆ ನನಗೆ ಗೌರವವಿದೆ. ಪಾವಗಡದ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟವರೇ. ಆದರೆ ಮಾಸು ಎಲ್ಲಿದೆ, ನೀರು ಎಷ್ಟಿದೆ, ಮಗುವಿನ ಎದೆಬಡಿತ ಹೇಗಿದೆ ಎಂದು ನೋಡದೆ, ಏನಾದರೂ ಆದರೆ ಕೂಡಲೇ ಆಪರೇಷನ್ ಮಾಡುವ ವ್ಯವಸ್ಥೆಯಿಲ್ಲದ ಕಡೆ ಹೊಟ್ಟೆಯನ್ನು ಒತ್ತಿ ತಿರುಗಿಸಲು ಹೋದರೆ ಮಾಸು ಕಳಚಿ ತಾಯಿ ಮಗು ಇಬ್ಬರ ಜೀವಕ್ಕೂ ಕುತ್ತು ಬರಬಹುದು. ಇನ್ನು ಮೊಣಕಾಲೂರಿ ಎದೆಯನ್ನು ನೆಲಕ್ಕೆ ತಾಗಿಸುವ ಭಂಗಿಯಿಂದ ಮಗು ತಿರುಗುತ್ತದೆ ಎನ್ನುವುದಕ್ಕೆ ಸಾಕಷ್ಟು ಪುರಾವೆಯಿಲ್ಲ. ವೈದ್ಯರು ಬೇಡವೆನ್ನದಿದ್ದರೆ ಮಾಡಬಹುದು, ಅದನ್ನೇ ನೆಚ್ಚಿಕೊಂಡು ದಿನ ಕಳೆಯಬಾರದು.

ಇದಾದ ಮೇಲೆ ಆಯ್ಕೆಗಳ ಮಾತು. ತಜ್ಞ ವೈದ್ಯರು ಆಸ್ಪತ್ರೆಯಲ್ಲಿ ಹೊಟ್ಟೆಯ ಮೇಲಿನಿಂದಲೇ ಕೈಯಿಂದ ಮಗುವನ್ನು ತಿರುಗಿಸುವ ವಿಧಾನವೊಂದಿದೆ, ಇ.ಸಿ.ವಿ. ಎನ್ನುತ್ತಾರೆ. ಚೊಚ್ಚಲಿಗೆ 36ನೇ ವಾರದಿಂದ, ಮೊದಲೇ ಹೆತ್ತವರಿಗೆ 37ನೇ ವಾರದಿಂದ ಇದನ್ನು ಮಾಡಬಹುದು. ಗರ್ಭಕೋಶ ಸಡಿಲಗೊಳ್ಳಲು ಔಷಧಿ ಕೊಡುತ್ತಾರೆ, ಮೊದಲೂ ನಂತರವೂ ಮಗುವಿನ ಎದೆಬಡಿತವನ್ನು ಯಂತ್ರದಲ್ಲಿ ನೋಡುತ್ತಾರೆ, ತಾಯಿಯದು ನೆಗೆಟಿವ್ ರಕ್ತದ ಗುಂಪಾದರೆ ಆ್ಯಂಟಿ-ಡಿ ಚುಚ್ಚುಮದ್ದು ಕೊಡುತ್ತಾರೆ. ಒಟ್ಟಾರೆ ಅರ್ಧದಷ್ಟು ಮಂದಿಯಲ್ಲಿ ಇದು ಫಲಿಸುತ್ತದೆ, ಚೊಚ್ಚಲಿನಲ್ಲಿ ಅದಕ್ಕಿಂತ ಕಡಿಮೆ. ಸುಮಾರು 200ರಲ್ಲಿ ಒಬ್ಬರಿಗೆ ತುರ್ತು ಸಿಸೇರಿಯನ್ ಬೇಕಾಗುತ್ತದೆ. ಮಾಸು ಕೆಳಗಿದ್ದರೆ, ಇತ್ತೀಚೆಗೆ ರಕ್ತಸ್ರಾವವಾಗಿದ್ದರೆ, ನೀರು ಹೋಗಿದ್ದರೆ ಇದನ್ನು ಮಾಡುವುದಿಲ್ಲ.

ಮಗು ತಿರುಗದಿದ್ದರೆ ಮೊದಲೇ ದಿನ ಗೊತ್ತುಮಾಡಿದ ಸಿಸೇರಿಯನ್, ಇಲ್ಲವೇ ಬ್ರೀಚ್ ಹೆರಿಗೆಯಲ್ಲಿ ಪಳಗಿದವರಿರುವ ಕಡೆ ಸಹಜ ಹೆರಿಗೆ. 26 ದೇಶಗಳ ಎರಡು ಸಾವಿರಕ್ಕೂ ಹೆಚ್ಚು ಗರ್ಭಿಣಿಯರನ್ನು ಒಳಗೊಂಡು 2000ದಲ್ಲಿ ಪ್ರಕಟವಾದ ಅಧ್ಯಯನವು, ಯೋಜಿತ ಸಿಸೇರಿಯನ್‌ನಿಂದ ನವಜಾತ ಶಿಶುಗಳ ಸಾವು ಮತ್ತು ತೀವ್ರ ತೊಂದರೆಗಳು ಕಡಿಮೆಯಾಗುತ್ತವೆ ಎಂದು ತೋರಿಸಿದ ಮೇಲೆ ಜಗತ್ತಿನ ಹೆಚ್ಚಿನ ಕಡೆ ಸಿಸೇರಿಯನ್ನೇ ರೂಢಿಯಾಯಿತು. ಎರಡು ವರ್ಷಗಳ ಬಳಿಕ ಆ ಮಕ್ಕಳನ್ನು ನೋಡಿದಾಗ ಸಾವು ಅಥವಾ ಬೆಳವಣಿಗೆಯ ಕುಂಠಿತದಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಸುಮಾ ಅವರಿಗೆ ಹೇಳಿದೆ. ಹೇಳಿದರೆ ಗೊಂದಲವಾಗುತ್ತದೆ ಎಂದು ಅರ್ಧ ಸತ್ಯವನ್ನು ಕೊಡುವುದು ನನಗೆ ಸರಿ ಕಾಣುವುದಿಲ್ಲ. ಅವರ ಆಸ್ಪತ್ರೆಯಲ್ಲಿ ಬ್ರೀಚ್ ಸಹಜ ಹೆರಿಗೆ ಮಾಡಿಸುವ ಅನುಭವವಿದ್ದವರು ಇರಲಿಲ್ಲವಾದ್ದರಿಂದ ಆ ದಾರಿಯನ್ನು ಅವರೇ ಬಿಟ್ಟರು.

ಖರ್ಚಿನ ಚಿಂತೆ ಕೊನೆಗೆ ಹೊರಬಂತು. ಮೊದಲೇ ಕೇಳಬೇಕಾದ ಪ್ರಶ್ನೆಯಾದರೂ ಹೆಣ್ಣುಮಕ್ಕಳು ಇದನ್ನು ಸಂಕೋಚದಿಂದ ಕಡೆಗೇ ಇಟ್ಟುಕೊಳ್ಳುತ್ತಾರೆ. 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್, ಔಷಧಿ, ರಕ್ತ, ಹೋಗಿಬರುವ ವಾಹನ ಎಲ್ಲವೂ ಉಚಿತ. ಸಿಸೇರಿಯನ್ ಆದವರಿಗೆ ಏಳು ದಿನಗಳವರೆಗೆ ಊಟವೂ ಉಚಿತ. ತಾಯಿ ಕಾರ್ಡನ್ನು ಸದಾ ಜೊತೆಗಿಟ್ಟುಕೊಳ್ಳಿ, ಆಶಾ ಕಾರ್ಯಕರ್ತೆಗೆ ದಿನಾಂಕ ತಿಳಿಸಿಡಿ ಎಂದೆ.

ಸುಮಾ ಇ.ಸಿ.ವಿ.ಗೆ ಒಪ್ಪಿದರು. 37ನೇ ವಾರದಲ್ಲಿ ಪ್ರಯತ್ನಿಸಿದರು. ಮಗು ಅರ್ಧ ತಿರುಗಿ ಮತ್ತೆ ಮೊದಲಿನಂತಾಯಿತು. ಆ ಸಂಜೆ, ನಾನು ಹೊಟ್ಟೆ ಬಿಗಿಹಿಡಿದದ್ದಕ್ಕೆ ಹೀಗಾಯಿತೇ ಎಂದು ಕೇಳಿದರು. ಹಳೆಯ ತಪ್ಪಿತಸ್ಥ ಭಾವನೆ ಹೊಸ ನೆಪ ಹುಡುಕಿಕೊಂಡಿತ್ತು. ಈ ಸಲ ಉತ್ತರ ಕೊಟ್ಟವರು ಪಕ್ಕದಲ್ಲಿದ್ದ ಅತ್ತೆ: "ಇಲ್ಲ ಕಣಮ್ಮ, ಅದು ಅದರ ಪಾಡಿಗೆ ಕೂತಿದೆ." ವೈದ್ಯರೂ ಅದನ್ನೇ ಹೇಳಿದರು. 39ನೇ ವಾರದಲ್ಲಿ ಸಿಸೇರಿಯನ್‌ಗೆ ದಿನ ಗೊತ್ತಾಯಿತು, ಪತಿ ರಜೆ ಹಾಕಿ ಬಂದರು.

ಅಲ್ಲಿಯವರೆಗಿನ ದಿನಗಳಿಗೆ ನಾನು ಕೊಟ್ಟ ಸೂಚನೆಗಳು ಇದೇ ಸ್ಥಿತಿಯಲ್ಲಿರುವ ಎಲ್ಲರಿಗೂ ಅನ್ವಯಿಸುತ್ತವೆ. ಗೊತ್ತುಮಾಡಿದ ದಿನಕ್ಕೆ ಮೊದಲೇ ನೀರು ಹೋದರೆ, ನೋವು ಶುರುವಾದರೆ, ರಕ್ತ ಕಂಡರೆ ಕಾಯದೆ 108ಕ್ಕೆ ಕರೆ ಮಾಡಿ ಆಪರೇಷನ್ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು. ಬಳ್ಳಿ ಹೊರಬಂದಂತೆ ಅನಿಸಿದರೆ ಮೊಣಕಾಲೂರಿ, ತಲೆ ತಗ್ಗಿಸಿ, ಸೊಂಟ ಎತ್ತರಕ್ಕಿರುವಂತೆ ಇದ್ದು ಸಹಾಯ ಬರುವವರೆಗೆ ಕಾಯಬೇಕು, ಬಳ್ಳಿಯನ್ನು ಮುಟ್ಟಬಾರದು. ಬ್ರೀಚ್ ಮಗುವಿನ ಒದೆತ ಕೆಳಹೊಟ್ಟೆಯಲ್ಲಿ ಗೊತ್ತಾಗುತ್ತದೆ, ಅದು ಸಹಜ. ಒದೆತ ಕಡಿಮೆಯಾದರೆ ಮಾತ್ರ ಅದೇ ದಿನ ತೋರಿಸಬೇಕು. ನಿದ್ದೆಯಿಲ್ಲದ ರಾತ್ರಿಗಳು ಮುಂದುವರಿದರೆ, ಬದುಕು ಬೇಡವೆನಿಸಿದರೆ 14416 ಸಂಖ್ಯೆಯ ಟೆಲಿ-ಮಾನಸ್ ಸಹಾಯವಾಣಿಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು.

ಸುಮಾ ಅವರಿಗೆ ಹೆಣ್ಣುಮಗು ಹುಟ್ಟಿತು. ಕೊನೆಯ ದಿನಗಳಲ್ಲಿ ಬ್ರೀಚ್ ಆಗಿದ್ದ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಸೊಂಟದ ಕೀಲು ಸರಿಯಾಗಿ ಕೂಡದಿರುವ ಸಂಭವ ಹೆಚ್ಚಿರುವುದರಿಂದ ಆರನೇ ವಾರದ ಹೊತ್ತಿಗೆ ಸೊಂಟದ ಸ್ಕ್ಯಾನ್ ಮಾಡಿಸಲು ತಿಳಿಸಿದ್ದೆವು. ಬಾಣಂತನದಲ್ಲಿ ಮಗುವಿನ ಕಾಲುಗಳನ್ನು ನೆಟ್ಟಗೆ ಜೋಡಿಸಿ ಬಿಗಿಯಾಗಿ ಬಟ್ಟೆ ಸುತ್ತುವ ರೂಢಿಯನ್ನು ಈ ಕಾರಣಕ್ಕೇ ಬಿಡಬೇಕೆಂದು ಅಜ್ಜಿಯರಿಬ್ಬರಿಗೂ ಹೇಳಿ, ಕಾಲು ಮಡಚಿ ಅಗಲಿಸಿಕೊಳ್ಳಲು ಜಾಗವಿರುವಂತೆ ಸುತ್ತುವುದನ್ನು ದಾದಿಯರು ತೋರಿಸಿಕೊಟ್ಟರು. ಸ್ಕ್ಯಾನ್‌ನಲ್ಲಿ ಸೊಂಟ ಸರಿಯಾಗಿದೆ ಎಂದು ಬಂದಿದೆ. ಮುಂದಿನ ಬಸಿರಿನಲ್ಲಿ ಸಹಜ ಹೆರಿಗೆ ಸಾಧ್ಯವೇ ಎಂಬ ಅವರ ಪ್ರಶ್ನೆಗೆ, ಎಷ್ಟೋ ಮಂದಿಗೆ ಸಾಧ್ಯ, ಆಗಿನ ಪರೀಕ್ಷೆಯ ಮೇಲೆ ವೈದ್ಯರು ನಿರ್ಧರಿಸುತ್ತಾರೆ, ಅಲ್ಲಿಯವರೆಗೆ ಸಾಕಷ್ಟು ಅಂತರವಿರಲಿ ಎಂದು ಹೇಳಿ ಕಳುಹಿಸಿದೆ.