ರೂಬಿಯಲ್ಲಿ ಬ್ಯಾಕ್‌ಟಿಕ್‌ನಿಂದ ಓಡಿಸಿದ ಕಮಾಂಡಿನ ಎರರ್ ರೆಸ್ಕ್ಯೂಗೆ ಯಾಕೆ ಸಿಗುವುದಿಲ್ಲ?

ನೀವು ಎಫ್‌ಎಫ್‌ಎಂಪೆಗ್ (ವಿಡಿಯೊ ಪರಿವರ್ತಿಸುವ ಟೂಲ್) ಕಮಾಂಡನ್ನು ಬ್ಯಾಕ್‌ಟಿಕ್ (`) ಒಳಗೆ ಬರೆದು, ಸುತ್ತ ಎರರ್ ಹಿಡಿಯುವ ಬಿಗಿನ್–ರೆಸ್ಕ್ಯೂ ಹಾಕಿದ್ದೀರಿ. ವಿಡಿಯೊ ಫೈಲ್ ಕೆಟ್ಟಿದ್ದರೆ ಎರರ್ ಟರ್ಮಿನಲ್‌ನಲ್ಲಿ ಕಾಣುತ್ತದೆ. ವೇರಿಯೇಬಲ್ ಮಾತ್ರ ಖಾಲಿ, ರೆಸ್ಕ್ಯೂ ಒಳಗಿನ ಸಾಲು ಓಡುವುದೇ ಇಲ್ಲ.

ರೆಸ್ಕ್ಯೂದು ತಪ್ಪಿಲ್ಲ. ಅದಕ್ಕೆ ಸಿಗುವುದು ರೂಬಿಯೊಳಗೆ ಎದ್ದ ಎಕ್ಸೆಪ್ಶನ್ ಮಾತ್ರ. ಇಲ್ಲಿ ಕೈಕೊಟ್ಟದ್ದು ಬೇರೆಯೇ ಪ್ರೋಸೆಸ್. ರೂಬಿಯ ಲೆಕ್ಕದಲ್ಲಿ ಅದು ಬರೀ ಒಂದು ಎಕ್ಸಿಟ್ ಕೋಡ್ (ಪ್ರೋಸೆಸ್ ಮುಗಿಯುವಾಗ ಬಿಡುವ ಸಂಖ್ಯೆ, ಸೊನ್ನೆ ಅಂದರೆ ಗೆದ್ದಂತೆ), $? ನಲ್ಲಿ ಇರುತ್ತದೆ. ಇನ್ನು ಬ್ಯಾಕ್‌ಟಿಕ್ ವಾಪಸ್ ಕೊಡುವುದು ಮಾಮೂಲಿ ಔಟ್‌ಪುಟ್ ಹರಿಯುವ ಎಸ್‌ಟಿಡಿ‌ಔಟ್‌ಗೆ ಬಂದದ್ದನ್ನು. ಎರರ್ ಹೋಗುವುದು ಅದಕ್ಕೆಂದೇ ಇರುವ ಬೇರೆ ದಾರಿ ಎಸ್‌ಟಿಡಿಎರ್‌ಗೆ. (ಇದಕ್ಕೂ ರೂಬಿಯ ಸ್ಟ್ಯಾಂಡರ್ಡ್‌ಎರರ್ ಕ್ಲಾಸಿಗೂ ಸಂಬಂಧವಿಲ್ಲ, ಹೆಸರು ಕೇಳಿ ಮೋಸಹೋಗಬೇಡಿ.) ಕೊನೆಗೆ 2>&1 ಸೇರಿಸಿದರೆ ಮೆಸೇಜ್ ಸಿಗುತ್ತದೆ ನಿಜ, ಆದರೆ ಎರಡೂ ಕಲಸಿಕೊಂಡು ಬರುತ್ತವೆ.

ಓಪನ್3 ಬಳಸಿ. ರೂಬಿ ಜೊತೆಗೇ ಬರುತ್ತದೆ, ರಿಕ್ವೈರ್ ಮಾಡಿದರೆ ಸಾಕು:

ಔಟ್, ಎರ್, ಸ್ಟೇಟಸ್ = ಓಪನ್3.ಕ್ಯಾಪ್ಚರ್3("ಎಫ್‌ಎಫ್‌ಎಂಪೆಗ್", "-ಐ", ಇನ್‌ಪುಟ್, ಔಟ್‌ಪುಟ್)

ಆರ್ಗ್ಯುಮೆಂಟುಗಳನ್ನು ಹೀಗೆ ಬಿಡಿಬಿಡಿಯಾಗಿಯೇ ಕೊಡಿ. ಆಗ ನಡುವೆ ಶೆಲ್ ಬರುವುದಿಲ್ಲ, ಫೈಲ್ ಹೆಸರಿನಲ್ಲಿ ಸ್ಪೇಸ್ ಇದ್ದರೂ ಕಮಾಂಡ್ ಮುರಿಯುವುದಿಲ್ಲ.

ಆಮೇಲೆ ಸ್ಟೇಟಸ್.ಸಕ್ಸೆಸ್? ನೋಡಿ. "ಎರ್ ಖಾಲಿ ಇದ್ದರೆ ಗೆದ್ದಂತೆ" ಅಂತ ಬರೆಯುವವರು ಬಹಳ, ಎಫ್‌ಎಫ್‌ಎಂಪೆಗ್ ವಿಷಯದಲ್ಲಿ ಅದು ಪೂರ್ತಿ ತಪ್ಪು: ಕೆಲಸ ಸರಿಯಾಗಿ ಮುಗಿದರೂ ಅದರ ಲಾಗ್ ಎಸ್‌ಟಿಡಿಎರ್‌ಗೇ ಬರುತ್ತದೆ. ಸೊನ್ನೆಯಲ್ಲದ ಕೋಡೆಲ್ಲ ಎರರ್ ಅಂತಲೂ ಅಲ್ಲ. ಪಠ್ಯ ಹುಡುಕುವ ಗ್ರೆಪ್‌ಗೆ ಏನೂ ಸಿಗದಿದ್ದರೆ 1 ಬರುತ್ತದೆ. ಪ್ರೋಸೆಸ್ಸನ್ನು ಸಿಗ್ನಲ್ ಕೊಂದಿದ್ದರೆ ಎಕ್ಸಿಟ್‌ಸ್ಟೇಟಸ್ ನಿಲ್ ಆಗಿರುತ್ತದೆ, ಆಗ ಯಾವ ಸಿಗ್ನಲ್ ಅಂತ ಹೇಳುವ ಟರ್ಮ್‌ಸಿಗ್ ನೋಡಬೇಕು.

ಸೋತಿದ್ದರೆ ಎಕ್ಸೆಪ್ಶನ್ನನ್ನು ನೀವೇ ಎಬ್ಬಿಸಿ (ರೇಸ್). ಮೆಸೇಜಿಗೆ ಎರ್.ಲೈನ್ಸ್.ಲಾಸ್ಟ್(5).ಜಾಯಿನ್ ಸಾಕು, ಅಸಲಿ ಕಾರಣ ಸಾಮಾನ್ಯವಾಗಿ ತುದಿಯಲ್ಲೇ ಇರುತ್ತದೆ. ಅದರ ಮೇಲೆ ರೆಜೆಕ್ಸ್ (ಪ್ಯಾಟರ್ನ್ ಹುಡುಕಾಟ) ಓಡಿಸುವುದಾದರೆ ಮೊದಲು ಕೆಟ್ಟ ಬೈಟ್‌ಗಳನ್ನು ಬದಲಿಸುವ ಸ್ಕ್ರಬ್ ಕರೆಯಿರಿ. ಯುಟಿಎಫ್-8 ಅಲ್ಲದ ಒಂದು ಬೈಟ್ ನುಸುಳಿದರೂ ಆರ್ಗ್ಯುಮೆಂಟ್‌ಎರರ್ ಬಂದು, ಮೂಲ ಎರರ್ ಕಣ್ಮರೆಯಾಗುತ್ತದೆ.

ನಿಮ್ಮ ರೆಸ್ಕ್ಯೂ ತೆಗೆಯಬೇಡಿ, ಎರ್ರ್‌ನೋ::ಈನೋಎಂಟ್‌ಗೆ ("ಅಂಥ ಫೈಲ್ ಇಲ್ಲ" ಅನ್ನುವ ಎಕ್ಸೆಪ್ಶನ್) ಬದಲಿಸಿ. ಸರ್ವರಿನಲ್ಲಿ ಎಫ್‌ಎಫ್‌ಎಂಪೆಗ್ ಇಲ್ಲದಿದ್ದರೆ ಬರುವುದು ಅದೇ. ಇಡೀ ಕಮಾಂಡನ್ನು ಪೈಪ್ (ಒಂದರ ಔಟ್‌ಪುಟ್ ಇನ್ನೊಂದಕ್ಕೆ ಕೊಡುವ |) ಸಮೇತ ಒಂದೇ ಸ್ಟ್ರಿಂಗಾಗಿ ಕೊಟ್ಟರೆ ಈ ಎಕ್ಸೆಪ್ಶನ್ ಕೂಡ ಬರುವುದಿಲ್ಲ. ಆಗ ಕಮಾಂಡ್ ಹುಡುಕುವುದು ಶೆಲ್, ಸಿಗದಿದ್ದರೆ ಅದರ ಕೋಡ್ 127. ಪೈಪಿನ ಕೊನೆಯ ಕಮಾಂಡ್ ಗೆದ್ದರಂತೂ ಆ 127 ಸಹ ನಿಮ್ಮವರೆಗೆ ತಲುಪುವುದಿಲ್ಲ.